ಮಡಕೆ ಓಡಿಹೋಗಲಿಲ್ಲ

ಬಾನ್ ನಾ ಖಾಮ್, ಸಕೋನ್ ನಖೋನ್
ಬುದ್ಧ ಶಕೆ ೨೫೩೯, ಡಿಸೆಂಬರ್ ೧೪

ಪ್ರೀತಿಯ ಕಾಂಪನ್,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಕಟ್ಟಡದ ಮೇಲೆ ಹತ್ತುವಾಗ ಧಿಮಾಕು ಮಾಡದೆ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ತೈವಾನಿನಲ್ಲಿ ನಮ್ಮ ಅಂಟಕ್ಕಿ ಅನ್ನ ಸಿಗುವುದಿಲ್ಲವೆಂದು ಗೋಳಾಡಿದ್ದೀರಿ. ಅಂಚೆಯಲ್ಲಿ ಅನ್ನ ಕಳಿಸಲು ಬರುವುದಿಲ್ಲವಲ್ಲ, ಏನು ಮಾಡಲಿ. ನಾನು ಚೆನ್ನಾಗಿದ್ದೇನೆ. ನಿಮ್ಮಮ್ಮನೂ ಚೆನ್ನಾಗಿದ್ದಾರೆ, ನನ್ನನ್ನು ಬೈಯಲು ಬೇಕಾದಷ್ಟು ಶಕ್ತಿ ದಿನಾ ಇರುತ್ತದೆ.

ನಿಮ್ಮ ಹೆಂಡತಿ ಮನೆಯ ನೀಲಿ ಮಡಕೆಯನ್ನು ಓಡಿಸಿದಳಂತೆ ಎಂದು ಯಾರಾದರೂ ನಿಮ್ಮ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಅಪ್ಪನ ದಹನ ಮುಗಿಸಿ ತವರಿನಿಂದ ಬಂದ ದಿನ ಮನೆ ಕೆಳಗಿನ ಬಣ್ಣದ ಮಡಕೆಯ ಮುಚ್ಚಳ ತೆಗೆದು ನೋಡಿದೆ. ನೀರು ಕಡುನೀಲಿ, ಮೇಲೆ ನೊರೆಯೇ ಇಲ್ಲ, ಅಂದರೆ ನೂಲಿಗೆ ಬಣ್ಣ ಹಿಡಿಯದ ಹಾಗೆ ಮಡಕೆ ಕೆಟ್ಟಿತ್ತು. ಕೈ ಹಾಕಿ ಕಲಕುತ್ತಿದ್ದಾಗ ನಿಮ್ಮಮ್ಮ ಬಂದರು. ಸಾವಿನ ಮನೆಯಿಂದ ಬಂದವರು ಮಡಕೆಯ ಹತ್ತಿರ ಸುಳಿಯಬಾರದೆಂಬುದು ನಿಮಗೂ ಗೊತ್ತು. “ಹೆಣ ಸುಟ್ಟು ಬಂದ ಕೈ ಹಾಕಿದ್ಯಲ್ಲೇ, ಮಡಕೆಯಮ್ಮ ಇನ್ನೆಲ್ಲಿ ಇರ್ತಾಳೆ? ಎದ್ದು ಹೋದ್ಲು,” ಎಂದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹೂವು, ಮೊಟ್ಟೆ, ಅಕ್ಕಿ ಸಾರಾಯಿ ಇಟ್ಟು, ನೇಯುವ ಹೆಂಗಸರೆಲ್ಲರ ಎದುರು ನಾನು ಮಡಕೆಗೆ ಕೈಮುಗಿದು ತಪ್ಪಾಯಿತೆನ್ನಬೇಕು, ಅಲ್ಲಿಯವರೆಗೆ ಮಗ್ಗ ಮುಟ್ಟುವ ಹಾಗಿಲ್ಲ ಎಂದು ತೀರ್ಮಾನವಾಯಿತು.

ನಾನು ಆಗುವುದಿಲ್ಲ ಎಂದೆ. ತಪ್ಪಾಯಿತೆಂದರೆ ಅಪ್ಪನ ಚಿತೆಗೆ ಗಂಧದ ಹೂವು ಇಟ್ಟದ್ದೇ ತಪ್ಪೆಂದಾಗುತ್ತದೆ. ಅದನ್ನು ನನ್ನ ಬಾಯಲ್ಲಿ ಹೇಳಿಸಲು ಯಾರಿಂದಲೂ ಆಗದು.

ಅಷ್ಟಕ್ಕೂ ಮಡಕೆ ಎಲ್ಲಿಗೂ ಓಡಿರಲಿಲ್ಲ. ಶಾಲೆಯಲ್ಲಿ ಸುನೀ ಟೀಚರ್ ಒಂದು ಲೋಟದ ನೀರಿಗೆ ಸಕ್ಕರೆ, ಇನ್ನೊಂದಕ್ಕೆ ನೀಲಿ ಪುಡಿ ಹಾಕಿಸಿ ಕಲಕಿಸಿದ್ದರು. ಎರಡೂ ಗಿಡದಿಂದಲೇ ಬಂದವು, ಆದರೂ ಸಕ್ಕರೆ ಕರಗಿತು, ನೀಲಿ ಹಾಗೇ ತಳಕ್ಕಿಳಿಯಿತು. ಸಕ್ಕರೆಯ ಕಣಕ್ಕೆ ಸುತ್ತಲೂ ಆಮ್ಲಜನಕ, ಜಲಜನಕದ ಪುಟ್ಟ ಕೈಗಳಿವೆಯಂತೆ. ನೀರು ಅವನ್ನು ಹಿಡಿದು ಕಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ನೀಲಿಯ ಕಣಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಂಡಿರುತ್ತವೆ, ನಡುವೆ ನುಗ್ಗಲು ನೀರಿಗೆ ಜಾಗವಿಲ್ಲ. ಮಡಕೆಯಲ್ಲಿ ಬೆಲ್ಲ, ಹುಣಸೆ ಹುಳಿತು ಗಾಳಿಯೆಲ್ಲ ತೀರಿದಾಗ ಮಾತ್ರ ಅದು ನೀಲಿತನ ಬಿಟ್ಟು ಹಳದಿಹಸಿರಾಗುತ್ತದೆ. ಆಗ ಸುಣ್ಣದ ನೀರು ಅದನ್ನು ಕರಗಿಸಿಕೊಂಡು ನೂಲಿನೊಳಗೆ ಸೇರಿಸುತ್ತದೆ. ನೂಲನ್ನು ಗಾಳಿಗೆ ಎತ್ತಿದರೆ ಮತ್ತೆ ನೀಲಿ, ಇನ್ನು ನೀರಿಗೆ ಜಗ್ಗುವುದಿಲ್ಲ. ನಿಮ್ಮ ಗದ್ದೆಯ ಅಂಗಿ ಎಷ್ಟು ಒಗೆದರೂ ನೀಲಿಯಾಗೇ ಉಳಿಯುವುದು ಅದಕ್ಕೇ. ಅಂದ ಮೇಲೆ, ನಾನು ಮುಟ್ಟುವ ಮೊದಲೇ ನೀರು ಕಡುನೀಲಿಯಾಗಿತ್ತೆಂದರೆ ಬಣ್ಣ ಕರಗದೆ ಸುಮ್ಮನೆ ತೇಲುತ್ತಿತ್ತು ಎಂದರ್ಥ. ನಾನಿಲ್ಲದಾಗ ನಿಮ್ಮಮ್ಮ ಬಿಡುವು ಕೊಡದೆ ನೂಲಿನ ಲಡಿಯ ಮೇಲೆ ಲಡಿ ಅದ್ದಿ ಮಡಕೆಗೆ ಗಾಳಿ ತುಂಬಿಸಿದ್ದರು, ಬೆಲ್ಲ ಹಾಕುವುದನ್ನು ಮರೆತಿದ್ದರು. ಇದನ್ನು ಅವರ ಮುಖಕ್ಕೇ ಹೇಳಿದೆ. ಅವರು ಎಲೆಅಡಿಕೆ ಉಗುಳಿ ಒಳಗೆ ಹೋದರು.

ಹಿತ್ತಲಲ್ಲಿ ನನ್ನದೇ ಮಡಕೆ ಇಟ್ಟೆ. ದಿನಾ ಬೆಳಿಗ್ಗೆ ಬೆಲ್ಲ ಹಾಕಿದೆ, ಮೂಸಿದೆ, ಕಲಕಿದೆ, ಹಠ ಹಿಡಿದು ಕಾದೆ. ನೊರೆ ತಾಮ್ರದ ಹಾಗೆ ಹೊಳೆಯತೊಡಗಿದ ದಿನ ನಿಮ್ಮಮ್ಮ ತಾವಾಗಿ ಬಂದು ಬೆರಳದ್ದಿ ನಾಲಗೆಗಿಟ್ಟು ನೋಡಿದರು. ಮರುದಿನ ಅವರ ಲಡಿಗಳು ನನ್ನ ಮಡಕೆಯ ಪಕ್ಕದಲ್ಲಿ ತೂಗುತ್ತಿದ್ದವು. ಹಾಗಂತ ಸೋತರೆಂದು ತಿಳಿಯಬೇಡಿ. “ಈಗ ನಿನ್ ಕೈ ಶುದ್ಧ ಆಗಿದೆ, ಅದಕ್ಕೇ ನಿಂತಿದೆ. ಅವತ್ತಿನದಕ್ಕೆ ನೀನು ಕೈ ಮುಗೀಲೇಬೇಕು,” ಎಂದರು. ನಾನು ಮುಗಿದಿಲ್ಲ, ಮುಗಿಯುವುದೂ ಇಲ್ಲ. ಯಾರ ಪರ ಎಂದು ನೀವು ತಿಣುಕಬೇಕಾಗಿಲ್ಲ, ನಿಮ್ಮನ್ನು ನಾನು ಕೇಳುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬುದ್ಧ ನಿಮ್ಮನ್ನು ಬೀಳದಂತೆ ಕಾಯಲಿ.

ನಿಮ್ಮ
ಬುವಾಲೈ

ಮತ್ತೆ: ಅಂಚೆಯವನು ಹೊರಗೆ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಸುರಿಯ ಕೈ ತಗುಲಿದರೂ ಮಡಕೆ ಓಡುತ್ತದೆ ಎನ್ನುತ್ತಾರಲ್ಲ, ನನಗೆ ಮೂರು ತಿಂಗಳು, ನೀವು ಹೊರಡುವ ಮೊದಲಿನದು. ಈ ಮಡಕೆ ಇಟ್ಟಾಗಲೇ ನನಗೆ ಗೊತ್ತಿತ್ತು. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆ ನೇಯುವ ಹೆಂಗಸರೆಲ್ಲ ತಮ್ಮ ಲಡಿ ಅದ್ದಲು ಇಲ್ಲಿಗೇ ಬರುತ್ತಾರೆ. ಮೊಣಕೈವರೆಗೆ ಮಡಕೆಯಲ್ಲಿ ಕೈ ಇಟ್ಟುಕೊಂಡೇ ಹೇಳುತ್ತೇನೆ.