ಅಂಗಡಿ ಗಾಜಿನ ಹಿಂದಿನ ಹೆಂಗಸು

ಮಾರ್ಚ್ ೯, ಭಾನುವಾರ

ಅಪ್ಪನಿಗೆ,

ನಾವು ಕ್ಷೇಮ. ನಿಮ್ಮ ಕಾಗದ ಹಳೇ ವಿಳಾಸಕ್ಕೇ ಬಂದು ಮುಟ್ಟಿ ಮೂರು ವಾರವಾಯಿತು. ಉತ್ತರ ತಡವಾಯಿತು, ಮನ್ನಿಸಿ ಎಂದು ಬರೆಯಬೇಕಿತ್ತು. ಆದರೆ ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮನೆ ಬಿಟ್ಟವರು ನೀವು. ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಮೊದಲ ಕಾಗದ ಹಾಕಿದ್ದೀರಿ. ತಡದ ಮಾತು ನಮ್ಮಿಬ್ಬರ ನಡುವೆ ಬೇಡ.

ನೀವಿರುವ ಊರಿನ ಬಟ್ಟೆ ಅಂಗಡಿಯ ಗಾಜಿನ ಹಿಂದೆ ಆಳೆತ್ತರದ ಚಿತ್ರ ನೋಡಿದಿರಂತೆ. ಉದ್ದನೆಯ ಬೂದು ಕೋಟು, ಬೆಳ್ಳಿ ಕೂದಲು, ಗಲ್ಲದ ಮೇಲೆ ಅದೇ ಮಚ್ಚೆ. ಕಂಡ ಕೂಡಲೇ ಗುರುತು ಹತ್ತಿತಂತೆ. ನಿನ್ನಮ್ಮ ಚೆನ್ನಾಗಿ ಬಾಳಿದ್ದಾಳೆ, ನೋಡಿ ನೆಮ್ಮದಿಯಾಯಿತು, ನನಗೂ ವಯಸ್ಸಾಯಿತು, ಬಂದು ಜೊತೆಗಿದ್ದುಬಿಡೋಣ ಅನ್ನಿಸುತ್ತಿದೆ ಎಂದು ಬರೆದಿದ್ದೀರಿ. ನೆಮ್ಮದಿಯಂತೆ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು.

ಅದು ಅಮ್ಮ ಅಲ್ಲ, ಅಪ್ಪ. ಅವಳನ್ನು ಬರೆದವಳು ನಾನು.

ನಾನು ಕೆಲಸಕ್ಕಿರುವುದು ಆ ಅಂಗಡಿ ನಡೆಸುವ ಬಟ್ಟೆ ಕಂಪನಿಯ ಆಫೀಸಿನಲ್ಲೇ. ಈಗ ನಮ್ಮಲ್ಲಿ ಕ್ಯಾಮೆರಾ ಇಲ್ಲ, ರೂಪದರ್ಶಿಗಳೂ ಇಲ್ಲ. ಎಂಥ ಮುಖ, ಎಂಥ ನಿಲುವು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಬರೆದುಕೊಟ್ಟರೆ ಕಂಪ್ಯೂಟರು ಚಿತ್ರ ಮಾಡಿಕೊಡುತ್ತದೆ. ಹಾಗೆ ಬರೆಯುವುದಕ್ಕೆ ಪ್ರಾಂಪ್ಟ್ ಎನ್ನುತ್ತಾರೆ. ನನ್ನ ಕೆಲಸ ಅದೇ. ವಯಸ್ಸಾದ ಹೆಂಗಸರ ಉಡುಪಿಗೆ ಒಂದು ಮುಖ ಬೇಕಾಯಿತು. ಅಮ್ಮನನ್ನು ಕೇಳಿದೆ. ಈ ಮೂತಿ ನೋಡಿ ಯಾರು ಕೊಳ್ಳುತ್ತಾರೆ ಎಂದು ನಕ್ಕು ನನ್ನ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡಳು.

ಆ ಫೋಟೋವನ್ನು ಕಂಪ್ಯೂಟರಿಗೆ ಕೊಟ್ಟೆ. ಮೊದಲ ಚಿತ್ರ ಅಮ್ಮನ ಹಾಗೆಯೇ ಬಂತು. ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು.

"ಕಣ್ಣಲ್ಲಿರೋ ಸುಸ್ತು ತೆಗೆದುಬಿಡಮ್ಮ. ಸುಸ್ತು ಮಾರಾಟ ಆಗಲ್ಲ."

'ಲವಲವಿಕೆ' ಎಂದು ಸೇರಿಸಿದೆ. ಚಿತ್ರ ಸುಮ್ಮನೆ ಹಲ್ಲು ಕಿರಿಯಿತು. 'ಗತ್ತು' ಎಂದೆ, ಯಾರದೋ ಜಗಳಗಂಟಿ ಅತ್ತೆಯಾಯಿತು. ಕೊನೆಗೆ ರೇಗಿಹೋಗಿ, 'ಯಾರೂ ಎಂದೂ ಕೈಬಿಟ್ಟು ಹೋಗದ ಹೆಂಗಸು' ಎಂದು ಬರೆದೆ. ಭುಜ ಹಗುರಾಯಿತು, ಹುಬ್ಬಿನ ಗಂಟು ಬಿಚ್ಚಿತು, ಕತ್ತು ನೆಟ್ಟಗಾಯಿತು. ಮ್ಯಾನೇಜರು ಶಭಾಷ್ ಎಂದರು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ನೀವು ನೋಡಿದ್ದು ಅವಳನ್ನು. ನೀವು ಬಿಟ್ಟುಹೋಗದಿದ್ದರೆ ಇರುತ್ತಿದ್ದವಳನ್ನು.

ನಿಜವಾದ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆಗಳನ್ನು ಇಸ್ತ್ರಿ ಮಾಡುತ್ತಾಳೆ. ಬಲಗೈ ಮೇಲೆ ಹಬೆ ಸುಟ್ಟ ಕಲೆ. ದವಡೆ ಹಲ್ಲು ಹೋಗಿ ಒಂದೇ ಕಡೆ ಅಗಿಯುತ್ತಾಳೆ. ಮೆಟ್ಟಿಲ ಮೇಲೆ ಕೂತು ಕೂತು ಮನೆಗೆ ಹತ್ತುತ್ತಾಳೆ. ನೀವು ಹೋದ ಮೇಲೆ, ತಮ್ಮನಿಗೆ ಜ್ವರ ನೆತ್ತಿಗೇರಿದಾಗ ಅವನನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಲಿ ನನ್ನನ್ನು ಎಳೆದುಕೊಂಡು ಓಡಿದವಳು ಅವಳು. ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ, ಕೆಲಸದ ಮೇಲೆ ಹೋಗಿದ್ದಾರೆ ಎಂದು ನಿಮ್ಮ ಮಾನ ಕಾಪಾಡಿದಳು. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಕೇಳಿದ್ದೆ. ನೀವು ಉರಿ ಹಚ್ಚಿ ಹೋಗಿ, ಈಗ ಚಳಿ ಕಾಯಿಸಿಕೊಳ್ಳಲು ಬರುತ್ತಿದ್ದೀರಿ.

ಬರಬೇಡಿ. ಆ ಹೆಂಗಸೇ ಬೇಕಿದ್ದರೆ ಅಂಗಡಿಯ ಮುಂದೆ ನಿಂತು ನೋಡಿ. ಹೊಸ ಬಟ್ಟೆ ಬಂದ ದಿನ ಅವಳನ್ನೂ ಸುತ್ತಿ ಗೋದಾಮಿಗೆ ಹಾಕುತ್ತಾರೆ.

ತಮ್ಮ ಲಿಫ್ಟ್ ರಿಪೇರಿ ಕಲಿತು ಕೆಲಸದಲ್ಲಿದ್ದಾನೆ. ನಿಮ್ಮ ಮುಖ ಅವನಿಗೆ ನೆನಪಿಲ್ಲ. ಹೆತ್ತವರಿಗೆ ಕೇಡು ಬಯಸಬಾರದು ಎಂದು ಅಮ್ಮ ಕಲಿಸಿದ್ದಾಳೆ. ಅವಳ ಮಾತಿಗೆ ಬೆಲೆ ಕೊಟ್ಟು ಹೇಳುತ್ತೇನೆ: ಎಲ್ಲಿದ್ದೀರೋ ಅಲ್ಲೇ ಆರೋಗ್ಯವಾಗಿರಿ.

ಇಂತು,
ನಿಮ್ಮ ಮಗಳು

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದನ್ನು ಅಮ್ಮನಿಗೆ ಓದಿ ಹೇಳಿದೆ. ಸರಿಯಾಗಿ ಬರೆದೆ ಎನ್ನುತ್ತಾಳೆ ಅಂದುಕೊಂಡಿದ್ದೆ. ನಿಮ್ಮ ಕಾಗದ ಇಸಿದುಕೊಂಡು, ಅದರ ಮಡಿಕೆಯನ್ನು ಬೆರಳಿನಿಂದ ನೀವುತ್ತ ಒಂದೇ ಮಾತು ಕೇಳಿದಳು.

"ಯಾವತ್ತು ಬರ್ತಾರಂತೆ?"