ನಾಚಿಕೆಯ ಮೀನು

ಮಲಾಂಗ್
೧೩ ಮಾರ್ಚ್ ೧೯೯೭

ಪ್ರೀತಿಯ ಮಸ್ ಸುಗೆಂಗ್,

ಸೊಂಟ ಹೇಗಿದೆ? ಅಕ್ಕಿಮೂಟೆ ಎತ್ತುವಾಗ ಹಿಡಿದುಕೊಂಡಿತು ಎಂದು ಬರೆದಿದ್ದಿರಿ. ಅಡುಗೆಯವನ ಕೈಗೆ ಸೌಟು ಕೊಡಬೇಕು, ಬೆನ್ನಿಗೆ ಮೂಟೆ ಕೊಡಬಾರದು ಎಂದು ನಿಮ್ಮ ಕ್ಯಾಪ್ಟನ್‌ಗೆ ಹೇಳಿ. ಹೇಳಲು ಧೈರ್ಯ ಸಾಲದಿದ್ದರೆ ಒಂದು ದಿನ ಸಂಬಲ್‌ಗೆ ಮೆಣಸಿನಕಾಯಿ ಜಾಸ್ತಿ ಅರೆದು ಹಾಕಿ, ತಾನಾಗಿ ಅರ್ಥವಾಗುತ್ತದೆ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಅತ್ತೆಯೂ ಆರೋಗ್ಯವಾಗಿದ್ದಾರೆ, ನೀವು ಬಿಟ್ಟುಹೋದಾಗ ಇದ್ದದ್ದಕ್ಕಿಂತ ಒಂದು ತೂಕ ಹೆಚ್ಚಾಗಿಯೇ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ತುಲುಂಗಾಗುಂಗ್‌ನಿಂದ ಕರೆತಂದು ನನ್ನ ಹೊಲಿಗೆ ಮಿಶಿನ್ನಿನ ಎದುರಿಗೆ ಕೂರಿಸಿ ನೀವು ಹಡಗು ಹತ್ತಿದಿರಿ. ಮಳೆ ಮುಗಿಯುವ ತನಕ ನಮ್ಮಲ್ಲಿ, ಆಮೇಲೆ ಸುರಬಾಯಾದಲ್ಲಿ ನಿಮ್ಮ ಅಕ್ಕ ಮುರ್ಯಾನಿಯ ಮನೆಯಲ್ಲಿ ಎಂದು ನೀವಿಬ್ಬರೂ ಮಾತಾಡಿಕೊಂಡಿರಿ. ಆಗ ಎಲ್ಲ ಸರಿಯಾಗಿಯೇ ಇತ್ತು, ಏಕೆಂದರೆ ಟಿವಿ ಇತ್ತು. ಜನವರಿಯಲ್ಲಿ ಸಿಡಿಲು ಬಡಿದು ಟಿವಿ ಸುಟ್ಟುಹೋಯಿತು. ಅವತ್ತಿನಿಂದ ಅತ್ತೆಗೆ ನೋಡುವುದಕ್ಕೆ ಉಳಿದಿದ್ದು ನಾನೊಬ್ಬಳೇ. ಬೆಳಗ್ಗೆ ಶಾಲೆಯ ಸಮವಸ್ತ್ರ ಹೊಲಿಯಲು ಕೂತರೆ ಎದುರಿಗೆ ಅವರು. ನಾನು ದಾರ ಪೋಣಿಸುವುದನ್ನು ನೋಡುತ್ತಾರೆ, ಕಾಫಿ ಕುಡಿಯುವುದನ್ನು ನೋಡುತ್ತಾರೆ, ಆಕಳಿಸುವುದನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಮಾತು ಮಾತ್ರ ಇಲ್ಲ. ಗೇಟಿನಿಂದ ಆಚೆ ಕಾಲಿಡುವುದಂತೂ ಇಲ್ಲವೇ ಇಲ್ಲ. ಅವರ ಕಣ್ಣಿಗೆ ಬೇರೆ ಏನಾದರೂ ಕೆಲಸ ಕೊಡದಿದ್ದರೆ ನನಗೇ ಹುಚ್ಚು ಹಿಡಿಯುತ್ತದೆ ಎನ್ನಿಸಿತು.

ಆಗ ನೆನಪಾಗಿದ್ದು ನಿಮ್ಮ ಗಾಜಿನ ತೊಟ್ಟಿ. ಕಳೆದ ರಜೆಯಲ್ಲಿ ತಂದು, ಗಿಡ ನೆಟ್ಟು ಮೀನು ಬಿಡುತ್ತೇನೆ ಎಂದು ಊರಿಗೆಲ್ಲ ಹೇಳಿ, ಅದರಲ್ಲಿ ಈರುಳ್ಳಿ ಹಾಕಿಡು ಎಂದು ಹೊರಟುಹೋದಿರಲ್ಲ, ಅದೇ. ಈರುಳ್ಳಿ ತೆಗೆದು ತೊಳೆದೆ. ಸೇತುವೆ ಹಿಂದಿನ ಮೀನಿನ ಅಂಗಡಿಯ ಕೊ ಲಿಯಾಂಗ್ ಅವರನ್ನು ಕೇಳಿದೆ. ತಳಕ್ಕೆ ತೆಳ್ಳಗೆ ತೋಟದ ಮಣ್ಣು, ಮೇಲೆ ತೊಳೆದ ಹೊಳೆಮರಳು, ಗಿಡ ನೆಡಬೇಕು, ನೀರನ್ನು ಮೆಲ್ಲಗೆ ಬಿಡಬೇಕು, ಗಿಡ ಬೇರು ಹಿಡಿದು ನೀರು ಹದಕ್ಕೆ ಬರುವ ತನಕ ಮೀನಿನ ಮಾತೇ ಎತ್ತಬಾರದು ಎಂದರು. ಮೆಲ್ಲಗೆ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು, ಕೈಗೆ ಬಿದ್ದಿರಲಿಲ್ಲ. ಬಕೆಟ್ಟು ಎತ್ತಿ ಸುರಿದೆ. ಮಣ್ಣು, ಮರಳು, ಗಿಡ ಎಲ್ಲ ಒಟ್ಟಿಗೆ ಎದ್ದು ಕುಣಿದವು. ಎಷ್ಟೋ ವಾರಗಳ ನಂತರ ಅತ್ತೆ ಬಾಯಿ ಬಿಟ್ಟದ್ದು ಆಗಲೇ. "ಕಾಫಿ ಚೆನ್ನಾಗಿ ಬಂದಿದೆ. ಸಕ್ಕರೆ ಯಾವಾಗ ಹಾಕ್ತೀ?" ಎಂದರು. ಎಲ್ಲ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಮರಳಿನ ಮೇಲೆ ತಟ್ಟೆಯಿಟ್ಟು ಚೊಂಬಿನಲ್ಲಿ ಸುರಿದೆ. ನೀರು ತಿಳಿಯಾಗಿ ನಿಂತಿತು. ಆದರೆ ಮುಂದಿನ ವಾರ ಗಿಡದ ಎಲೆಗಳೆಲ್ಲ ಕರಗಿ ಲೋಳೆಯಾದವು. ಕೊ ಲಿಯಾಂಗ್ ಅವರು ಗಾಬರಿಯಾಗಬೇಡಿ, ಜಾಗ ಬದಲಾದರೆ ಈ ಜಾತಿ ಹಾಗೇ ಮುನಿಸಿಕೊಳ್ಳುತ್ತದೆ, ಬೇರು ಬದುಕಿದೆ, ಕಾಯಿರಿ ಎಂದರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ಸೊಪ್ಪು ಕೊಳೆಸುವುದಕ್ಕೆ ಇಷ್ಟು ಗಾಜು ಬೇಕಿತ್ತೇ, ಒಂದು ಮಡಕೆ ಸಾಕಿತ್ತಲ್ಲ ಎಂದು ಗೋಡೆಗೆ ಹೇಳಿದರು. ಆದರೂ ಕುರ್ಚಿಯನ್ನು ಸ್ವಲ್ಪ ತೊಟ್ಟಿಯ ಕಡೆಗೆ ತಿರುಗಿಸಿಕೊಂಡಿದ್ದರು. ನಾನು ನೋಡದವಳ ಹಾಗೆ ಹೊಲಿಯುತ್ತ ಕೂತೆ.

ಹೀಗಿರುವಾಗ ಒಂದು ಶುಕ್ರವಾರ ಬು ಹರ್ತಿನಿ ಟಾರ್ಚ್ ಹಿಡಿದು ಬಂದರು. ನಮ್ಮ ಗಲ್ಲಿಯ ಮುಖ್ಯಸ್ಥರ ಹೆಂಡತಿ ನಿಮಗೆ ಗೊತ್ತಲ್ಲ, ಡೆಂಗಿ ಕಾಲದಲ್ಲಿ ಮನೆಮನೆ ಹೊಕ್ಕು ನಿಂತ ನೀರಲ್ಲಿ ಸೊಳ್ಳೆಮರಿ ಹುಡುಕುವುದು ಅವರ ಕೆಲಸ, ಸಿಕ್ಕರೆ ಮಹಿಳಾ ಕೂಟದಲ್ಲಿ ಹೆಸರು ಹೇಳಿ ಓದುವುದು ಅವರ ಸಂತೋಷ. ಸ್ನಾನದ ತೊಟ್ಟಿ ನೋಡಿದರು, ಹೂಕುಂಡದ ತಟ್ಟೆ ನೋಡಿದರು. ಆಮೇಲೆ ನಮ್ಮ ಗಾಜಿನ ತೊಟ್ಟಿಗೆ ಬೆಳಕು ಬಿಟ್ಟರು. ಮಸ್, ಮರಿಗಳು ಅಲ್ಲಿ ಹಬ್ಬದ ಸಂತೆಯ ಹಾಗೆ ಕುಣಿಯುತ್ತಿದ್ದವು. ಮೀನಿಲ್ಲದ ನೀರು ಇದು, ಈಗಲೇ ಚೆಲ್ಲಿ ಎಂದರು. ನಾನು ಬಕೆಟ್ಟು ತರಲು ಹೊರಟೆ. ಆದರೆ ಕುರ್ಚಿಯಿಂದ ಅತ್ತೆ ಎದ್ದು ನಿಂತರು. "ಮೀನಿದೆ. ನಾಚಿಕೆ ಸ್ವಭಾವದ್ದು. ಹೊಸಬರು ಬಂದ್ರೆ ಹೊರಗೆ ಬರಲ್ಲ" ಎಂದರು. ಮತ್ತೆ ಈ ಹುಳುಗಳು ಎಂದು ಬು ಹರ್ತಿನಿ ಕೇಳಿದರೆ, ಅದು ಮೀನಿನ ಬುತ್ತಿ, ಸ್ವಲ್ಪಸ್ವಲ್ಪವೇ ತಿನ್ನುತ್ತದೆ, ಮಿತಾಹಾರಿ ಎಂದರು. ಬು ಹರ್ತಿನಿ ಬಿಡುವವರೇ? ನಾಚಿಕೆ ಕಳೆಯಲಿ ಎಂದು ಕೂತರು. ಚಹಾ ಕುಡಿದರು, ಕರಿದ ತೆಂಪೆ ತಿಂದರು, ಪಕ್ಕದ ಮನೆಯವರನ್ನೂ ಕರೆದರು. ಇಡೀ ಗಲ್ಲಿಯೇ ಇಲ್ಲದ ಮೀನಿಗಾಗಿ ಉಸಿರು ಬಿಗಿಹಿಡಿದು ಕೂತಿತ್ತು. ಒಬ್ಬ ಮುದುಕರು ಅದರ ಬಾಲ ಕಂಡೆ ಎಂದು ಆಣೆಯನ್ನೂ ಇಟ್ಟರು. ಕೊನೆಗೆ ಬು ಹರ್ತಿನಿ, ನಾಳೆ ಮತ್ತೆ ಬರುತ್ತೇನೆ ಎಂದು ಎದ್ದುಹೋದರು.

ಮರುದಿನ ಬೆಳಗ್ಗೆ ನಾನು ಹೊಲಿದ ಬಟ್ಟೆ ಕೊಡಲು ಶಾಲೆಗೆ ಹೋಗಿದ್ದೆ. ನಿಮ್ಮ ತಾಯಿ ತಲೆವಸ್ತ್ರ ಸರಿಮಾಡಿಕೊಂಡು, ಗೇಟು ದಾಟಿ, ದಾರಿ ಕೇಳಿಕೊಂಡು ಒಬ್ಬರೇ ಮಾರುಕಟ್ಟೆಗೆ ಹೋಗಿದ್ದಾರೆ. ತಂದದ್ದು ಏನು ಗೊತ್ತೇ? ಕರಿದು ತಿನ್ನುವ ಲೆಲೆ ಮೀನು, ಮೊಳಕೈಯಷ್ಟು ಉದ್ದ, ಮೀಸೆ ಸಮೇತ. ಅದು ಸೊಳ್ಳೆಮರಿಗಳನ್ನು ನುಂಗಿದ್ದೇನೋ ನಿಜ. ನಂತರ ಮರಳಿಗೆ ಮೂತಿ ತೂರಿಸಿ ಗಿಡಗಳನ್ನೆಲ್ಲ ಬುಡಸಮೇತ ಕಿತ್ತು, ತಳದ ಮಣ್ಣನ್ನು ಮೇಲೆ ತಂದಿತು. ಬು ಹರ್ತಿನಿ ಬಂದು ಆ ಕೆಸರಿಗೆ ಮುಖ ಹತ್ತಿರ ತಂದಾಗ ಒಳಗಿನಿಂದ ಮೀಸೆ ಬಂದು ಗಾಜಿಗೆ ಬಡಿದು, ಟಾರ್ಚ್ ಕೈಜಾರಿ ಬಿದ್ದು ಒಡೆಯಿತಂತೆ. ಇಷ್ಟು ಧೈರ್ಯದ ನಾಚಿಕೆ ಎಲ್ಲೂ ನೋಡಿಲ್ಲ ಎಂದು ಹೋದರಂತೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ಬಂದಾಗ ಕಂಡದ್ದು ತೇಲುತ್ತಿದ್ದ ಗಿಡ ಮಾತ್ರ. ಆಗಷ್ಟೇ ಒಂದು ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಗುರು ಬಂದಿತ್ತು, ಅದೂ ಮುರಿದಿತ್ತು. "ಇದು ನಿಮ್ಮ ಮನೆಯಲ್ಲ ಅತ್ತೆ, ಮನಸ್ಸಿಗೆ ಬಂದಂಗೆ ಮಾಡೋಕೆ" ಎಂದುಬಿಟ್ಟೆ. ಅತ್ತೆ ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದು ಬಾಗಿಲ ಬಳಿ ಕೂತರು. ಅಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದರು. ಯಾವ ಊರಿನ ಬಸ್ಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ತುಲುಂಗಾಗುಂಗ್‌ನ ಮನೆಗೆ ನೀವು ಬೀಗ ಹಾಕಿ ಬಂದಿದ್ದೀರಿ, ಸುರಬಾಯಾಕ್ಕೆ ಅವರು ಹೋಗುತ್ತೇನೆ ಎಂದು ಒಮ್ಮೆಯೂ ಹೇಳಿಲ್ಲ.

ಕೋಪವನ್ನು ಮೀನಿನ ಮೇಲೆ ತಿರುಗಿಸಿ ಚಾಕು ತಂದೆ. ಅತ್ತೆ ಕೂತಲ್ಲಿಂದಲೇ, "ಬೇಡ ಮಗಾ. ನಮ್ಮ ಮನೆ ಮಾನ ಉಳಿಸಿದೆ ಅದು" ಎಂದರು. ನಮ್ಮ ಮನೆ ಎಂದರು ಮಸ್. ಕ್ಷಮಿಸಿ ಎನ್ನಲು ಹೋದೆ, ಬಾಯಿಂದ ಬಂದದ್ದು ಬೇರೆಯೇ. "ಅತ್ತೆ, ಒಬ್ಬಳ ಕೈಗೆ ಈ ಮೀನು ಸಿಗಲ್ಲ. ಬನ್ನಿ" ಎಂದೆ. ಅವರು ಚೀಲ ಬಿಟ್ಟು ಎದ್ದರು. ಇಬ್ಬರೂ ಸೇರಿ ಹಿಡಿಯುವಷ್ಟರಲ್ಲಿ ಮೈಯೆಲ್ಲ ಒದ್ದೆ, ಗೋಡೆಯೆಲ್ಲ ಕೆಸರು. ಅದನ್ನು ಸ್ನಾನದ ತೊಟ್ಟಿಗೆ ಬಿಟ್ಟೆವು. ಇನ್ನು ಅಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ನೀವು ಬಂದಾಗ ಚೊಂಬು ಅದ್ದುವ ಮೊದಲು ಸ್ವಲ್ಪ ಕೆಮ್ಮಿ. ಆಮೇಲೆ ಗಾಜಿನ ತೊಟ್ಟಿಗೆ ಭುಜದವರೆಗೆ ಕೈ ಇಳಿಸಿ ಗಿಡಗಳನ್ನು ಮತ್ತೆ ನೆಟ್ಟೆವು, ನಾನು ಬೇರು ಹಿಡಿಯುವುದು, ಅವರು ಬಿದಿರಿನ ಇಕ್ಕಳದಿಂದ ಮರಳು ಒತ್ತುವುದು. ಚೀಲವನ್ನು ಯಾವಾಗ ಒಳಗೆ ಇಟ್ಟರೋ ನನಗೆ ಗೊತ್ತಾಗಲಿಲ್ಲ.

ಈಗ ಎಲೆಗಳು ನನ್ನ ಬೆರಳಷ್ಟು ಉದ್ದ ಬಂದಿವೆ, ಬೆನ್ನು ಹಸಿರು, ಹೊಟ್ಟೆ ಕಂದು. ಕೊ ಲಿಯಾಂಗ್ ಒಪ್ಪಿದ ಮೇಲೆ ಉಗುರಿನಷ್ಟು ಗಾತ್ರದ ಕೆಂಪು ಮೀನುಗಳು ಬಂದವು. ಅತ್ತೆ ಎಲ್ಲಕ್ಕೂ ನೆಂಟರ ಹೆಸರಿಟ್ಟಿದ್ದಾರೆ. ತಿಂದು ತಿಂದು ಉಳಿದವನ್ನು ಓಡಿಸುವುದು ನಿಮ್ಮ ಅಕ್ಕ. ಊಟದ ಹೊತ್ತಿಗೆ ಮಾಯವಾಗಿ, ಎಲ್ಲ ಮುಗಿದ ಮೇಲೆ ಬರುವುದು ನೀವು. ಟಿವಿ ರಿಪೇರಿಯಾಗಿ ಬಂತು. ಅತ್ತೆ ಅದಕ್ಕೆ ಬೆನ್ನು ಹಾಕಿ ಕೂರುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಸೊಂಟಕ್ಕೆ ಬಿಸಿನೀರು ಹಾಕಿಕೊಳ್ಳಿ. ಅಲೆ ಜೋರಾಗಿದ್ದ ದಿನ ಎಣ್ಣೆ ಬಾಣಲೆಯ ಹತ್ತಿರ ನಿಲ್ಲಬೇಡಿ. ಅತ್ತೆಯ ಆಶೀರ್ವಾದ, ಬು ಹರ್ತಿನಿಯ ವಿಚಾರಣೆ, ಎರಡೂ ಇದರ ಜೊತೆಗಿವೆ.

ನಿಮ್ಮ
ವಿನಾರ್ಸಿ

ಕವರು ಅಂಟಿಸುವ ಮೊದಲು ಅವಸರದಲ್ಲಿ: ನಿನ್ನೆ ಮುರ್ಯಾನಿ ಅಕ್ಕ ಬು ಹರ್ತಿನಿಯ ಮನೆಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದರು. ತಿಂಗಳ ಕೊನೆಗೆ ಅತ್ತೆಯನ್ನು ಕರೆದೊಯ್ಯಲು ಕಾರು ತರುತ್ತಾರಂತೆ. ಅತ್ತೆ ಬರುವುದಿಲ್ಲ ಎಂದುಬಿಟ್ಟೆ. ಅತ್ತೆಯನ್ನು ನಾನೂ ಕೇಳಿರಲಿಲ್ಲ. ತಿರುಗಿದರೆ ಅವರು ಬೆನ್ನ ಹಿಂದೆಯೇ ನಿಂತಿದ್ದಾರೆ. ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಕಾರು ಬೇಡ, ಲಾರಿ ತಗೊಂಡು ಬಾ. ಊರಲ್ಲಿರೋ ನನ್ನ ಮಂಚ ಇಲ್ಲಿಗೆ ಬರಬೇಕು" ಎಂದು ಇಟ್ಟುಬಿಟ್ಟರು. ಅಕ್ಕನಿಗೆ ಸಮಾಧಾನ ಹೇಳುವುದು ನಿಮ್ಮ ಪಾಲು. ಮಂಚಕ್ಕೆಂದು ನೆಲ ಅಳೆದು ನೋಡಿದ್ದೇವೆ. ಅದನ್ನು ಹಾಕಿದ ಮೇಲೆ ನಮ್ಮ ಕೋಣೆಯಲ್ಲಿ ನನಗೂ ಅತ್ತೆಗೂ ಜಾಗವಿದೆ. ನಿಮ್ಮದನ್ನು ನೀವು ಯೋಚಿಸಿ.