ಮೂಕಪ್ಪನ ಪಾಳಿ ಇನ್ನೂ ಮುಗಿದಿಲ್ಲ

ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಇವತ್ತು ಬೆಳಗಿನ ಜಾವ ಮೂರೂ ಇಪ್ಪತ್ತಕ್ಕೆ ನನ್ನನ್ನು ಎಬ್ಬಿಸಿದ್ದು ಎಂಟು ತಿಂಗಳ ಮಗಳ ಅಳು ಅಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ನನ್ನ ಅಪ್ಪ ಮೂಕಪ್ಪ ನಾಲೆ ಗೇಟಿನ ಹ್ಯಾಂಡಲ್ಲನ್ನು ನಮ್ಮ ಮುಂಬಾಗಿಲ ಚಿಲಕಕ್ಕೆ ಸಿಕ್ಕಿಸಿ ತಿರುವುತ್ತಿದ್ದರು. ಸಾರ್ವಜನಿಕ ಸೇವೆಯಲ್ಲಿ ದೀರ್ಘಕಾಲ ದುಡಿದ ಬುಡಕಟ್ಟು ಮುಂದಾಳುಗಳನ್ನು ನಾಳೆ ಹನ್ನೊಂದಕ್ಕೆ ಚನ್ನಗಿರಿಯಲ್ಲಿ ಸನ್ಮಾನಿಸಲಿರುವವರು ನೀವು. ಮೊದಲ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿದ್ದ ಅಪ್ಪನ ಹೆಸರನ್ನು ಎರಡನೇ ಪಟ್ಟಿಯಲ್ಲಿ ಹೊಡೆದುಹಾಕಿದವರೂ ನೀವೇ. ಆ ಒಂದು ಗೀಟಿಗೂ ನಮ್ಮ ಮನೆಯ ಚಿಲಕಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಅದನ್ನು ಹೇಳುವುದಕ್ಕೇ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬರೆಯುತ್ತಿದ್ದೇನೆ.

ನೀವು ಅವರನ್ನು ಕಂಡಿಲ್ಲ. ಜಗಳೂರು ಸೀಮೆಯ ನಾಯಕರ ಹಟ್ಟಿಯಲ್ಲಿ ಹುಟ್ಟಿದವರು. ಅವರ ಊರಿಗೆ ನಾಲೆಯೇ ಇರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಕೆರೆಬಿಳಚಿ ಹತ್ತಿರದ ಗೇಟಿಗೆ ಸೌಡಿಯಾಗಿ ಬಂದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಪಾಳಿ ಪ್ರಕಾರ ಬಿಡುವುದು, ಕಟ್ಟುವುದು, ಇದನ್ನೇ ಮೂವತ್ತೆಂಟು ವರ್ಷ ಮಾಡಿದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ಕಡೆಯ ಸೌಡಿಗಳು ಗಲಾಟೆ ಎದ್ದಾಗ ಕರೆಸುತ್ತಿದ್ದದ್ದು ಇವರನ್ನೇ. ಒಂದು ಬೇಸಿಗೆ ಸಾಸ್ವೆಹಳ್ಳಿ ಕಡೆ ಮೇಲಿನ ಗದ್ದೆಯವರು ನೀರು ತಿರುಗಿಸಿಕೊಂಡು, ಕೊನೆ ಗದ್ದೆಯವರು ಕುಡುಗೋಲು ಹಿಡಿದು ಬಂದರಂತೆ. ಅಪ್ಪ ಹೋಗಿ ತೂಬಿನ ಮೇಲೆ ಕೂತು, "ಕಡೀರಪ್ಪಾ ಕಡೀರಿ, ಆದ್ರೆ ಈ ಹಳೇ ಗೇಟು ತಿರುವಾಕೆ ಬರಾದು ನನಗೊಬ್ಬನಿಗೇ, ಆಮ್ಯಾಲೆ ಯಾರನ್ನ ಕರೀತೀರಿ?" ಅಂದರಂತೆ. ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ಕೂತರು. ಇಂಜಿನಿಯರ್ ಸಾಹೇಬರು ಬಂದದ್ದು ಮರುದಿನ ಮಧ್ಯಾಹ್ನ, ನೀರು ಎರಡೂ ಕಡೆ ಹರಿದ ಮೇಲೆ.

ಹೆಸರು ಬಿಟ್ಟದ್ದೇಕೆ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಲೀಡರ್ ಅಂದ್ರೆ ಕೈಕೆಳಗೆ ಸಿಬ್ಬಂದಿ ಇರಬೇಕಲ್ಲಮ್ಮ, ನಿಮ್ಮ ತಂದೆ ಗೇಟ್ ತಿರುವೋರು" ಎಂದರು. ಮೂವತ್ತೊಂದು ವರ್ಷ ದಿನಗೂಲಿಯಂತೆ, ಅದು ಸೇವೆಯಲ್ಲವಂತೆ. ಖಾಯಂ ಆದ ಮೇಲಿನ ಏಳು ವರ್ಷ ಮಾತ್ರ ಸೇವೆ, ಏಳು ವರ್ಷ ದೀರ್ಘವಲ್ಲ. ಸ್ವಾಮಿ, ಆ ಮೂವತ್ತೊಂದು ವರ್ಷ ನಾಲೆಯಲ್ಲಿ ಹರಿದದ್ದೂ ದಿನಗೂಲಿ ನೀರೇ? ಅದರಲ್ಲಿ ಬೆಳೆದ ಭತ್ತವನ್ನು ಲೆಕ್ಕಕ್ಕಿಲ್ಲ ಎಂದು ಯಾರಾದರೂ ಉಣ್ಣದೆ ಬಿಟ್ಟರೇ? "ಹೋಗ್ಲಿ, ಡ್ಯೂಟಿ ಮಾಡೋ ಫೋಟೋನಾದ್ರೂ ಐತಾ?" ಎಂದು ಕರುಣೆಯಿಂದ ಕೇಳಿದರು. ರಾತ್ರಿ ಎರಡು ಗಂಟೆಗೆ ಸೊಂಟದುದ್ದ ನೀರಲ್ಲಿ ನಿಂತವನ ಫೋಟೋ ತೆಗೆಯಲು ಯಾವ ಇಲಾಖೆಯವರು ಬರುತ್ತಿದ್ದರು?

ಸನ್ಮಾನ ಇಲ್ಲದಿದ್ದರೆ ಬೇಡ ಎಂದು ಸುಮ್ಮನಾಗುತ್ತಿದ್ದೆ. ಆದರೆ ಸೌಡಿಗಳಲ್ಲಿ ಒಂದು ಕಟ್ಟುಪಾಡಿದೆ. ಪಾಳಿ ಮುಗಿದವನು ಹ್ಯಾಂಡಲ್ಲನ್ನು ನೆಲಕ್ಕಿಟ್ಟು ಹೋಗುವಂತಿಲ್ಲ. ಮುಂದಿನವನು ಬಂದು, ಕೈಗೆ ತೆಗೆದುಕೊಂಡು, "ನನ್ನ ಪಾಳಿ" ಎನ್ನಬೇಕು. ಅಲ್ಲಿಯವರೆಗೆ ಊಟವಿರಲಿ, ಜ್ವರವಿರಲಿ, ಗೇಟು ಬಿಟ್ಟು ಕದಲುವ ಹಾಗಿಲ್ಲ. ಎರಡು ವರ್ಷದ ಹಿಂದೆ ಅಪ್ಪನಿಗೆ ಅರವತ್ತಾದಾಗ ನಿವೃತ್ತಿ ಆದೇಶ ಮೊಬೈಲಿಗೆ ಬಂತು. ಹ್ಯಾಂಡಲ್ ಇಸಿದುಕೊಳ್ಳಲು ಯಾರೂ ಬರಲಿಲ್ಲ. ಮೂರು ದಿನ ಕಾದು, ಅದನ್ನು ಮನೆಗೆ ತಂದು ಮಂಚದ ಕೆಳಗಿಟ್ಟರು. ಕಳೆದ ವರ್ಷದಿಂದ ಅವರಿಗೆ ಮರೆವು. ಮೊಮ್ಮಗಳ ಹೆಸರು ನೆನಪಿಲ್ಲ, ನನ್ನ ಹೆಸರು ದಿನ ಬಿಟ್ಟು ದಿನ. ಪಾಳಿ ಮಾತ್ರ ನೆನಪಿದೆ. ರಾತ್ರಿ ಮೂರರ ಸುಮಾರಿಗೆ ಎದ್ದು, "ಇನ್ನೂ ಯಾರೂ ಬರ್ಲಿಲ್ಲೇನವ್ವಾ?" ಎಂದು ಕೇಳುತ್ತಾರೆ. ನಾಲೆಯ ಏರಿ ನಮ್ಮ ಬಾಗಿಲಿಂದ ನೂರು ಹೆಜ್ಜೆ.

ನನ್ನಿಂದಲೂ ತಪ್ಪಾಗಿದೆ, ಮುಚ್ಚಿಡುವುದಿಲ್ಲ. ಹೋದ ಗುರುವಾರ ಹ್ಯಾಂಡಲ್ಲನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿದೆ. ಅದು ನಾಲೆಗೆ ಬಿದ್ದಿದೆ ಎಂದುಕೊಂಡ ಅಪ್ಪ ನೀರಿಗಿಳಿದು ತಡಕಾಡುತ್ತಿದ್ದರು. ಪಕ್ಕದ ಬೀದಿಯ ಯರ್ರಿಸ್ವಾಮಿ, ಅವರೂ ಹಳೆಯ ಸೌಡಿ, ಹೊಟ್ಟೆ ಸುತ್ತ ಕೈ ಹಾಕಿ ಎಳೆದುಕೊಂಡು ಬಂದರು. ಮನೆಯಲ್ಲಿ ಹ್ಯಾಂಡಲ್ ಕೊಟ್ಟು ಸಮಾಧಾನ ಮಾಡಿದ ಮೇಲೆ ಯರ್ರಿಸ್ವಾಮಿ ಕೈ ಚಾಚಿ, "ಕೊಡು ಮೂಕಣ್ಣ, ನನ್ನ ಪಾಳಿ" ಎಂದರು. ಅಪ್ಪ ಅವರನ್ನೇ ನೋಡಿ, "ನೀನು ರಿಟೈರಾಗಿ ಆರು ವರ್ಷ ಆತು. ನನಗೇನು ಮರವು ಅಂದ್ಕಂಡ್ಯಾ? ಸಾಹೇಬ್ರು ಹೇಳ್ಲಿ, ಕೊಡ್ತೀನಿ" ಎಂದುಬಿಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನನ್ನ ಗಂಡ ಕೆಂಚೇಶ್ ಮರುದಿನ ಸಾಹೇಬರ ದನಿ ಮಾಡಿ ಫೋನ್ ಹಚ್ಚಿದರು. ಅಪ್ಪ ಕೇಳಿಸಿಕೊಂಡು, "ಊಟ ಆತೇನ್ರೀ ಅಳಿಯಂದ್ರೇ?" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಮಾಡಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಿಮ್ಮ ಮೊದಲ ಪಟ್ಟಿ ನೋಡಿದ ಖುಷಿಗೆ, "ಸಮಾರಂಭದಲ್ಲಿ ದೊಡ್ಡ ಸಾಹೇಬರೇ ನಿನ್ನ ಕೈಯಿಂದ ಹ್ಯಾಂಡಲ್ ಇಸ್ಕೊಳ್ತಾರಪ್ಪಾ" ಎಂದು ಹೇಳಿಬಿಟ್ಟಿದ್ದೆ. ನಾಲ್ಕು ರಾತ್ರಿ ಮಗುವಿನ ಹಾಗೆ ಮಲಗಿದರು. ನಾನೂ ಮಲಗಿದೆ. ನಿನ್ನೆ ನಿಮ್ಮ ಎರಡನೇ ಪಟ್ಟಿ ಬಂತು. ಹೆಸರು ತೆಗೆದಿದ್ದಾರೆ, ಸಾಹೇಬರು ಹ್ಯಾಂಡಲ್ ಇಸ್ಕೊಳ್ಳೋದಿಲ್ಲ ಎಂದು ನಾನು ಗಂಡನಿಗೆ ಹೇಳುವುದು ಅವರ ಕಿವಿಗೆ ಬಿತ್ತು. ಈ ಬೆಳಗ್ಗೆ ಚಿಲಕದ ಮೊಳೆಗಳು ಕಿತ್ತುಬಂದಿವೆ. ನಾನು ಬಾಗಿಲಿಗೆ ಅಡ್ಡ ಕೂತರೆ, "ಸರ್ಕಾರಿ ಕೆಲ್ಸಕ್ಕೆ ಅಡ್ಡಿ ಮಾಡಬ್ಯಾಡವ್ವ, ಕೇಸಾಗ್ತೈತೆ" ಎಂದು ನನಗೇ ಬುದ್ಧಿ ಹೇಳಿದರು. ನೀವು ಸೇವೆಯಲ್ಲ ಎಂದ ಕೆಲಸವನ್ನು ಅವರು ಇನ್ನೂ ಮಾಡುತ್ತಿದ್ದಾರೆ ನೋಡಿ.

ಇವತ್ತು ರಾತ್ರಿ ಹತ್ತಕ್ಕೆ ನಾಲೆಗೆ ಪೂರ್ತಿ ನೀರು ಬಿಡುತ್ತಾರೆಂದು ಡಂಗುರ ಹೊಡೆಸಿದ್ದಾರೆ. ಕೆಂಚೇಶ್ ರಾತ್ರಿ ಬಸ್ಸಿಗೆ ಹೋಗಿದ್ದಾರೆ, ಬರುವುದು ನಾಳೆ ಮಧ್ಯಾಹ್ನ. ಯರ್ರಿಸ್ವಾಮಿ ಮಗಳ ಬಾಣಂತನಕ್ಕೆಂದು ಜಗಳೂರಿಗೆ ಹೋದವರು ತಿರುಗಿ ಬಂದಿಲ್ಲ. ಬಡಗಿ ನಾಳೆ ಬರುತ್ತೇನೆ ಎಂದಿದ್ದಾನೆ. ನನ್ನ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಎಷ್ಟು ಬಲವಿದ್ದೀತು? ಬೆಳಗಿನ ಜಾವದಿಂದ ಕಣ್ಣು ಮುಚ್ಚದೆ ಕಾಯುತ್ತಿದ್ದೇನೆ. ನನ್ನ ಕಣ್ಣು ಹತ್ತಿದರೆ ಏನು ಗತಿ? ಬೆಳಗಿನ ಪತ್ರಿಕೆಗೆ ಕೊಟ್ಟರೆ ತಡವಾಗುತ್ತದೆಂದು ಈ ಪತ್ರವನ್ನು ಸಂಜೆ ಪತ್ರಿಕೆಗೆ ಕೊಡುತ್ತಿದ್ದೇನೆ.

ಶಾಲು ಬೇಡ, ಹಾರ ಬೇಡ, ಪಟ್ಟಿಯಲ್ಲಿ ಹೆಸರನ್ನು ನೀವು ನಿಧಾನವಾಗಿ ಸೇರಿಸಿಕೊಳ್ಳಿ, ಮುಂದಿನ ವರ್ಷವಾದರೂ ಸರಿ. ನನ್ನ ನಂಬರ್ ನಿಮ್ಮಲ್ಲಿದೆ, ಅರ್ಜಿಯ ಮೂರನೇ ಪುಟದಲ್ಲಿ ಬರೆದಿದ್ದೇನೆ. ಯಾವುದೇ ಹೊತ್ತಾಗಲಿ, ನಾನು ಎಚ್ಚರವಾಗಿಯೇ ಇರುತ್ತೇನೆ. ಅಪ್ಪನ ಕೈಗೆ ಫೋನ್ ಕೊಡುತ್ತೇನೆ. ನೀವು ಮುಂದಾಳು ಎನ್ನಬೇಕಿಲ್ಲ, ಬುಡಕಟ್ಟು ಎನ್ನಬೇಕಿಲ್ಲ, ಭಾಷಣ ಬೇಡ. ಸಾಹೇಬರು ಮಾತಾಡುವ ದನಿಯಲ್ಲಿ, "ಮೂಕಪ್ಪಾ, ನಿನ್ನ ಪಾಳಿ ಮುಗೀತು, ಹ್ಯಾಂಡಲ್ ಮಗಳ ಕೈಗೆ ಕೊಡು" ಎಂದರೆ ಸಾಕು. ಅರ್ಧ ನಿಮಿಷದ ಕೆಲಸ. ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ, ಅದೂ ಮೂರು ಗಂಟೆಯ ಮುಂಚೆ, ಫೋನ್ ಮಾಡಿ.

ಇಂತಿ,
ಮುರಿದ ಚಿಲಕಕ್ಕೆ ಬೆನ್ನು ಕೊಟ್ಟು ಕೂತಿರುವ,
ಅಪ್ಪನ ಪಾಳಿಗೆ ಬಂದ ಮಗಳು
ಅಂಬಿಕಾ ಮೂಕಪ್ಪ, ಬಿ.ಎ.